ವಾಡೆ ಸುತ್ತಿದ ಸೂಲಗಿತ್ತಿ

ಆಕೆಯ ರವಿಕೆಯಲ್ಲಿ ಎಡಗಂಕುಳಿನ ಕೆಳಗೆ ಚಪ್ಪಲಿಯ ಅಚ್ಚೊಂದಿತ್ತು. ಬೆವರು, ಧೂಳು, ರಬ್ಬರು ಸೇರಿ ಮೂಡಿದ ಕಪ್ಪು ಅಚ್ಚು. ಸಂಡೂರಿನ ಅದಿರು ಲಾರಿಗಳ ಸವೆದ ಟೈರು ಕೊಯ್ದು ಮಾಡಿದ ಚಪ್ಪಲಿಯಾದ್ದರಿಂದ ಟೈರಿನ ಗೆರೆಗಳೂ ಬಟ್ಟೆಯ ಮೇಲೆ ಸಾಲಾಗಿ ಕಾಣುತ್ತಿದ್ದವು. ತುರುಬು ಕಟ್ಟಲು ಆಕೆ ಕೈ ಎತ್ತಿದಾಗ ಮಾತ್ರ ಕಣ್ಣಿಗೆ ಬೀಳುವ ಗುರುತು. ಇದ್ದ ಎರಡು ರವಿಕೆಗಳಲ್ಲೂ ಅದೇ ಜಾಗದಲ್ಲಿ ಅದೇ ಗುರುತು. ಆ ಚಪ್ಪಲಿ ಕಾಲಲ್ಲಿ ಇದ್ದದ್ದಕ್ಕಿಂತ ಕಂಕುಳಲ್ಲಿ ಇದ್ದದ್ದೇ ಹೆಚ್ಚು ಎಂದು ತಿಳಿಯಲು ನನಗೆ ಐದು ತಿಂಗಳು ಬೇಕಾಯಿತು. ಎರಡು ವರ್ಷ ಸರ್ಕಾರಿ ಖರ್ಚಿನಲ್ಲಿ ನರ್ಸಿಂಗ್ ಕಲಿತು, ಕಂಡೊಡನೆ ಲಕ್ಷಣ ಗುರುತಿಸಬೇಕೆಂದು ಬಾಯಿಪಾಠ ಮಾಡಿ ಬಂದವಳು ನಾನು.

ಆಕೆ ಊರ ಸೂಲಗಿತ್ತಿ. ನಾನು ಊರ ನರ್ಸಮ್ಮ. ಎಪ್ಪತ್ತರ ದಶಕದ ನಡುವೆ, ಇಪ್ಪತ್ತೆರಡರ ವಯಸ್ಸಿನಲ್ಲಿ, ಹೊಸಪೇಟೆಯಿಂದ ಕಂಪ್ಲಿ ಕಡೆಯ ಆ ಊರಿಗೆ ಹೋದೆ. ಹನ್ನೆರಡು ವರ್ಷ ಇದ್ದೆ. ಊರ ಹೆಸರು ಬೇಡ. ಹೇಳಿದರೆ ಯಾರಾದರೂ ಬಂದು ಕೇಳಿಯಾರು ಎಂಬ ಭಯ ನನಗೆ ಈಗಲೂ ಇದೆ. ಹೆದರುವುದರಲ್ಲಿ ನಾನು ಮೊದಲಿನಿಂದಲೂ ಪ್ರವೀಣೆ. ಕತ್ತರಿಯನ್ನು ಎರಡು ಸಲ ಕುದಿಸುತ್ತಿದ್ದೆ. ಕುದಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಮೂರನೆಯ ಸಲವೂ ಕುದಿಸುತ್ತಿದ್ದೆ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಬರೆಯಲು ಕೂತದ್ದು ಒಂದು ಬಣ್ಣದ ಕಾಗದದಿಂದಾಗಿ. ಆ ಊರಿನ ಗೌಡರ ವಾಡೆ, ಅವರ ಕೋಟೆಯಂಥ ಹಳೇ ಮನೆ, ಈಗ ಹಂಪಿಗೆ ಬರುವ ಪ್ರವಾಸಿಗಳು ಉಳಿದುಕೊಳ್ಳುವ ಹೋಟೆಲಾಗಿದೆಯಂತೆ. ನಮ್ಮ ಆಸ್ಪತ್ರೆಗೆ ಹೊಟ್ಟೆನೋವಿಗೆಂದು ಬಂದ ಒಬ್ಬ ವಿದೇಶಿ ಹೆಣ್ಣುಮಗಳು ಅದರ ಕಾಗದವನ್ನು ಬೆಂಚಿನ ಮೇಲೆ ಬಿಟ್ಟು ಹೋಗಿದ್ದಳು. ಅದರಲ್ಲಿ ಒಂದು ನಕ್ಷೆ. ವಾಡೆಯ ಮುಂಬಾಗಿಲಿನಿಂದ ಹೊರಟು, ಅಗಸಿ, ಹಳೇ ಕಾಲುವೆಯ ದಂಡೆ, ಬಾಳೆತೋಟ, ಮಂಟಪದ ಬಂಡೆ ಹಾದು ಮತ್ತೆ ಮುಂಬಾಗಿಲಿಗೆ ಬಂದು ಮುಟ್ಟುವ ಚುಕ್ಕಿಗಳ ಗೆರೆ. ಹಳ್ಳಿಯ ಸೊಬಗು ಸವಿಯುತ್ತ ಸುತ್ತುವ ದಾರಿಯಂತೆ. ವಾಡೆಯ ಹಿರಿಯರು ಊರ ಜನರ ಅನುಕೂಲಕ್ಕಾಗಿ ಮಾಡಿಸಿದ್ದಂತೆ. ಕೊನೆಗೊಂದು ಸಲಹೆ: ಆರಾಮವಾದ ಪಾದರಕ್ಷೆ ಧರಿಸಿ.

ಓದಿ ಆ ಕಾಗದವನ್ನು ನಾಲ್ಕಾಗಿ ಮಡಚಿ ಮೇಜಿನ ಖಾನೆಗೆ ತುರುಕಿದೆ. ಬಿ.ಪಿ. ಇರುವವರು ಸಿಟ್ಟು ಮಾಡಿಕೊಳ್ಳಬಾರದೆಂದು ದಿನಕ್ಕೆ ಹತ್ತು ಜನಕ್ಕೆ ಹೇಳುವವಳು ನಾನು. ಆ ದಿನ ನನ್ನ ಬಿ.ಪಿ.ಯನ್ನು ನೋಡಿಕೊಳ್ಳಲು ನನಗೇ ಧೈರ್ಯವಾಗಲಿಲ್ಲ.

ಆ ದಾರಿಯನ್ನು ಮಾಡಿದ್ದು ಕೇರಿಯವರ ಪಾದಗಳು. ವಾಡೆ ಇರುವುದು ಊರ ನಡುವೆ. ಅದರ ಮುಂದೆ ಊರಿನ ಒಂದೇ ಒಂದು ದೊಡ್ಡ ಓಣಿ. ಓಣಿಯ ಈ ತುದಿಗೆ ಅಗಸಿ, ಅಂದರೆ ಊರ ಹಳೆಯ ಕಲ್ಲುಬಾಗಿಲು, ಅದರಾಚೆ ಕೇರಿ. ಆ ತುದಿಗೆ ಹುಣಸೆಮರ, ಬಸ್ಸು ನಿಲ್ಲುವ ಜಾಗ, ಶಾಲೆ, ಕಿರಾಣಿ ಅಂಗಡಿ, ಉಳಿದರ್ಧ ಊರು. ಅಗಸಿಯಿಂದ ಹುಣಸೆಮರಕ್ಕೆ ಓಣಿಯಲ್ಲಿ ನಾಲ್ಕು ನಿಮಿಷ. ಆದರೆ ಕೇರಿಯವರು ವಾಡೆಯ ಮುಂದೆ ಹಾಯುವಂತಿರಲಿಲ್ಲ. ಅವರು ಅಗಸಿಯ ಹತ್ತಿರವೇ ಎಡಕ್ಕೆ ತಿರುಗಿ, ಕಾಲುವೆ ದಂಡೆ ಹಿಡಿದು, ತೋಟ ದಾಟಿ, ಬಂಡೆ ಬಳಸಿ, ವಾಡೆಯ ಹಿತ್ತಲ ಗೋಡೆಗುಂಟ ಬಂದು ಹುಣಸೆಮರ ಸೇರಬೇಕು. ಒಂದೂವರೆ ಮೈಲಿ. ಸಾಲದ್ದಕ್ಕೆ, ವಾಡೆಯ ಮಾಳಿಗೆ ಕಣ್ಣಿಗೆ ಬೀಳುವಲ್ಲೆಲ್ಲ ಚಪ್ಪಲಿ ಮೆಟ್ಟಬಾರದು. ವಾಡೆ ಮೂರಂತಸ್ತು, ಉಳಿದ ಊರೆಲ್ಲ ನೆಲಕ್ಕಂಟಿದ ಮಣ್ಣಿನ ಮನೆ. ಮಾಳಿಗೆ ಕಾಣದ ಜಾಗ ಆ ದಾರಿಯಲ್ಲಿ ಎಲ್ಲಿಯೂ ಇರಲಿಲ್ಲ.

ಹೋಟೆಲಿನವರ ನಕ್ಷೆಯಲ್ಲಿ ಸುತ್ತು ಪೂರ್ತಿಯಾಗಿದೆ. ನಲವತ್ತು ವರ್ಷ ನಡೆದರೂ ಆಕೆಯ ಸುತ್ತು ಒಮ್ಮೆಯೂ ಪೂರ್ತಿಯಾಗಲಿಲ್ಲ.

ಇದೆಲ್ಲ ನನಗೆ ಮೊದಲು ತಿಳಿದಿರಲಿಲ್ಲ ಎಂದೆನಲ್ಲ. ಕೇರಿಯಲ್ಲಿ ಬಸುರಿಯರನ್ನು ನೋಡಿ ಮುಗಿಸಿ ನಾವಿಬ್ಬರೂ ಆಚೆ ತುದಿಯ ಮನೆಗಳಿಗೆ ಹೊರಡುತ್ತಿದ್ದೆವು. ಅಗಸಿಯ ಹತ್ತಿರ ಆಕೆ “ನೀವ್ ಮುಂದ ನಡೀರಿ ನರ್ಸಮ್ಮಾರ, ನಾ ಬಂದೆ” ಎಂದು ಎಡಕ್ಕೆ ತಿರುಗುತ್ತಿದ್ದಳು. ನಾನು ಓಣಿಯಲ್ಲಿ ಹೋಗಿ ಹುಣಸೆಮರದ ನೆರಳಲ್ಲಿ ಅರ್ಧ ಗಂಟೆ ಕಾಯುತ್ತಿದ್ದೆ. ಮುದುಕಿಗೆ ದಾರಿಯಲ್ಲಿ ಏನೋ ಸ್ವಂತ ಕೆಲಸವಿರಬೇಕು, ಸರ್ಕಾರಿ ವೇಳೆ ಹಾಳು ಮಾಡುತ್ತಾಳೆ ಎಂದು ಒಳಗೊಳಗೇ ಸಿಡುಕುತ್ತಿದ್ದೆ. ಒಂದು ದಿನ ಕೇಳಿಯೇ ಬಿಟ್ಟೆ.

“ಯವ್ವಾ, ಯಾವಾಗ್ಲೂ ಯಾಕ ಸುತ್ತಿ ಬರ್ತಿ ನೀನು?”

ಆಕೆ ಕಂಕುಳಿನ ಚಪ್ಪಲಿ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನನಗ ಗಾಳಿ ಭಾಳ ಬೇಕ್ರಿ. ಹೊಟ್ಟಿನೂ ಕರಗತೈತಿ.”

ಆಕೆಯ ಹೊಟ್ಟೆ ಬೆನ್ನಿಗೆ ಹತ್ತಿತ್ತು. ನಾನು ಪೆದ್ದಿಯ ಹಾಗೆ, “ನಡೆಯೋದು ಒಳ್ಳೇದವ್ವ” ಅಂದೆ. ಆಕೆ ಆ ಮಾತನ್ನು ಕೇರಿಯಲ್ಲಿ ಹೇಳಿ ನಗಿಸಿದ್ದಾಳೆ. ಆ ನಗುವಿನಿಂದಲೇ ನನಗೆ ವಿಷಯ ತಿಳಿದದ್ದು.

ಇನ್ನೊಂದನ್ನು ಹೇಳಬೇಕು. ಅರವತ್ತು ದಾಟಿದ ಆಕೆ ನನಗೆ ‘ರಿ’ ಹಚ್ಚಿ ಮಾತನಾಡುತ್ತಿದ್ದಳು. ಇಪ್ಪತ್ತೆರಡರ ನಾನು ಆಕೆಗೆ ‘ನೀನು’ ಅನ್ನುತ್ತಿದ್ದೆ. ಇದು ಹೀಗೇಕೆ ಎಂದು ನಮ್ಮಿಬ್ಬರಲ್ಲಿ ಒಬ್ಬರಿಗೆ ಮಾತ್ರ ಹೊಳೆದಿರಬೇಕು. ಆ ಒಬ್ಬರು ನಾನಲ್ಲ.

ಸತ್ಯ ತಿಳಿದ ಮೇಲೆ ಮೂರು ದಿನ ನಾನೂ ಆಕೆಯ ಜೊತೆ ಬಳಸಿ ನಡೆದೆ. ಏನೋ ದೊಡ್ಡ ತ್ಯಾಗ ಮಾಡಿದವಳಂತೆ ಎದೆ ಉಬ್ಬಿತ್ತು. ನಾಲ್ಕನೆಯ ದಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ನಾನು ಮತ್ತೆ ಓಣಿ ಹಿಡಿದೆ.

ಆದರೆ ಆ ಮೂರು ದಿನಗಳಲ್ಲಿ ಆಕೆ ನನಗೆ ತೋರಿಸಿದ ಊರನ್ನು ಯಾವ ನಕ್ಷೆಯೂ ತೋರಿಸಲಾರದು. “ಇಲ್ಲಿ ನೋಡ್ರಿ, ಈ ಬದುವಿನ ಮ್ಯಾಗ ಹುಟ್ಟ್ಯಾನ ನಮ್ಮೂರ ಲಾರಿ ಡ್ರೈವರ್. ಅವರವ್ವ ನಾಟಿ ಹಚ್ಚಾಕ ಬಗ್ಗಿದಾಕಿ ಏಳಲೇ ಇಲ್ಲ. ಈ ಬಾಳಿ ಗುಂಡಿಯಾಗ ಅವಳಿ ಹೆಣ್ಣ. ಮಂಟಪದ ಒಳಗ ಮಳ್ಯಾಗ ಕೈಲೆ ಹಿಡದದ್ದು ನಮ್ಮ ಶಾಲಿ ಅಡಿಗಿಯಾಕೀನ. ಹುಟ್ಟಿದ ಕೂಡ್ಲೆ ಒದರಿದ್ದು ಇನ್ನಾ ನಿಲ್ಲಿಸಿಲ್ಲ ನೋಡ್ರಿ.” ಪ್ರತಿ ಹೊಲಕ್ಕೂ ಒಬ್ಬ ತಾಯಿ, ಪ್ರತಿ ಬಂಡೆಗೂ ಒಂದು ಅಳು. ಹಾಗೆ ಹೇಳುತ್ತ ಆಕೆ ಬರಿಗಾಲಲ್ಲಿ ಬೆಣಚುಕಲ್ಲು, ಜಾಲಿಮುಳ್ಳು ತುಳಿದು ನಡೆಯುತ್ತಿದ್ದಳು. ನಾನು ಸರ್ಕಾರಿ ಬೂಟು ಹಾಕಿಕೊಂಡು ಹಿಂದೆ ಕುಂಟುತ್ತಿದ್ದೆ.

ಆಕೆ ದಿನ ತುಂಬುವ ಲೆಕ್ಕ ಹಾಕುತ್ತಿದ್ದುದು ಕಾಲುವೆಯಿಂದ. ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟ ಮೇಲೆ ನಿಂತ ಬಸುರು, ಕಾಲುವೆ ಬಂದಾಗುವ ಹೊತ್ತಿಗೆ ಹೆರಿಗೆ. “ನಾಟಿ ಮುಗಿದ ಹದಿನೈದು ದಿನಕ್ಕ ಮುಟ್ಟು ನಿಂತೈತಿ ಅಂದ್ರ ಬ್ಯಾಸಿಗಿ ಭತ್ತ ಕೊಯ್ಯೂದ್ರಾಗ ಹಡೀತಾಳ ತಗೀರಿ” ಅನ್ನುತ್ತಿದ್ದಳು. ನಾನು ತಟ್ಟೆಯಂಥ ಕ್ಯಾಲೆಂಡರ್ ತಿರುಗಿಸಿ ತಾರೀಖು ಬರೆಯುತ್ತಿದ್ದೆ. ನನ್ನ ತಾರೀಖಿಗೆ ನಾನು ಪೆಟ್ಟಿಗೆ ಹಿಡಿದು ಹೋದರೆ ಬಾಣಂತಿ ಆಗಲೇ ಕೂಸಿಗೆ ನೀರು ಎರೆಯುತ್ತಿದ್ದಳು.

ನನ್ನ ಮೊದಲ ಹೆರಿಗೆ ಕೇರಿಯಲ್ಲಿ. ಕೂಸು ಕಾಲು ಮುಂದೆ ಮಾಡಿ ಕೂತಿತ್ತು. ನಾನು ಪುಸ್ತಕದಲ್ಲಿ ಓದಿದ್ದೆಲ್ಲ ಮರೆತು ಗೋಡೆಗೆ ಒರಗಿದೆ. ಬಸುರಿಯ ಹೊಟ್ಟೆ ಮುಟ್ಟಲು ಹೋದಾಗ ಆಕೆ ನನ್ನ ಕೈ ತಡೆದಳು. “ಮೊದಲ ಬಿಸಿನೀರಾಗ ಕೈ ಅದ್ರಿ. ಹಿಂಗ ಥಣ್ಣನ ಕೈ ಇಟ್ರ ಒಳಗಿನ ಕೂಸು ಬೆಚ್ಚಿ ಮತ್ತ ಮ್ಯಾಲ ಏರತೈತಿ.” ಮುಂದಿನ ಒಂದು ಗಂಟೆ ಆಕೆಯ ಬೆರಳುಗಳು ಮಾಡಿದ್ದನ್ನು ನಾನು ಯಾವ ದೊಡ್ಡ ಆಸ್ಪತ್ರೆಯಲ್ಲೂ ಮತ್ತೆ ಕಾಣಲಿಲ್ಲ. ಎಳೆಯಲಿಲ್ಲ, ಒತ್ತಲಿಲ್ಲ, ಕಾಯ್ದಳು, ಬೈದಳು, ಹಾಡಿದಳು, ಮತ್ತೆ ಕಾಯ್ದಳು. ಕೂಸು ಅತ್ತಾಗ ನನಗೂ ಅಳು ಬಂತು.

“ಈಗ ನೀವು ಹೊರಗ ಕುಂತು ಬರೀರಿ. ಬರಿಯೂದೂ ಒಂದು ಕೆಲಸ ಹೌದಲ್ಲ?” ಅಂದಳು. ನಾನು ಬರೆದೆ. ಹೆರಿಗೆ ಮಾಡಿಸಿದವರ ಹೆಸರು ಎಂಬ ಜಾಗದಲ್ಲಿ ನನ್ನ ಹೆಸರು. ಆ ಹನ್ನೆರಡು ವರ್ಷಗಳ ರಿಜಿಸ್ಟರು ತೆಗೆದು ನೋಡಿ, ಆ ಜಾಗದಲ್ಲೆಲ್ಲ ನಾನೇ ಇದ್ದೇನೆ. ಒಂದು ವರ್ಷ ತಾಲೂಕಿನವರು ಕರೆದು ನನಗೆ ಶಾಲು ಹೊದಿಸಿ ಸರ್ಟಿಫಿಕೇಟ್ ಕೊಟ್ಟರು. ಆಕೆಗೆ ತೋರಿಸಿದಾಗ ಸರ್ಟಿಫಿಕೇಟನ್ನು ಬಿಟ್ಟು ಶಾಲು ಮುಟ್ಟಿ ನೋಡಿ, “ಕೂಸಿಗೆ ಸುತ್ತಾಕ ಛಲೋ ಐತಿ” ಅಂದಳು.

ವಾಡೆಯಲ್ಲೂ ಹೆರಿಗೆ ಆಕೆಯದೇ. ಆಗ ಹಿತ್ತಲ ಬಾಗಿಲು ತೆರೆಯುತ್ತಿತ್ತು. ಆ ಮನೆಯ ಸೊಸೆಯಂದಿರ ಮೈಯನ್ನು ಆಕೆ ಎಲ್ಲೆಂದರಲ್ಲಿ ಮುಟ್ಟಬಹುದಿತ್ತು; ಕೂಸು ಬಿದ್ದ ಮರುಗಳಿಗೆಯಿಂದ ಆಕೆ ತುಳಿದ ನೆಲಕ್ಕೆ ಸಗಣಿ. ಹನ್ನೊಂದನೆಯ ದಿನ ಹೆರಿಗೆಯ ಕೂಲಿಯಾಗಿ ಕೊಡುವ ಸೀರೆಯನ್ನು ಮೇಲಿನ ಮೆಟ್ಟಿಲಿನಿಂದ ಆಕೆಯ ಸೆರಗಿಗೆ ಬಿಡುತ್ತಿದ್ದರು. ಊರ ಗೌಡರು, ಆಗ ಅವರಿಗೆ ನಲವತ್ತರ ಮೇಲೆ, ಅವರನ್ನೂ ಅವರ ತಮ್ಮನನ್ನೂ ಹಿಡಿದದ್ದು ಇದೇ ಕೈಗಳು.

ಗೌಡರು ಕೆಟ್ಟವರಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ನನ್ನ ಜಾತಿಯನ್ನು ಮೊದಲ ದಿನವೇ ವಿಚಾರಿಸಿ, ಸಮಾಧಾನಪಟ್ಟು, ವಾಡೆಯ ಮಗ್ಗುಲಿನ ಒಂದು ಕೋಣೆಯನ್ನು ನನಗೆ ಇರಲು ಬಿಟ್ಟುಕೊಟ್ಟಿದ್ದರು. ಅದೇ ನನ್ನ ಮನೆ, ಅದೇ ಸರ್ಕಾರದ ಉಪಕೇಂದ್ರ. ಹಾಲು ಅವರ ಮನೆಯಿಂದ ಬರುತ್ತಿತ್ತು. ಹೀಗೆ ಹಾಲು ಕುಡಿದವರ ಬಾಯಿ ಬೇಗ ತೆರೆಯುವುದಿಲ್ಲ.

ನಾನು ಹೋದ ಏಳನೆಯ ವರ್ಷ. ಕಾಲುವೆಯ ನೀರು ಊರನ್ನು ಬದಲಿಸಿ ಬಿಟ್ಟಿತ್ತು. ಜೋಳ ಬಿತ್ತುತ್ತಿದ್ದ ಎರೆಹೊಲದಲ್ಲಿ ವರ್ಷಕ್ಕೆರಡು ಭತ್ತ. ಎತ್ತಿನ ಬಂಡಿ ಹೋಗಿ ಟ್ರ್ಯಾಕ್ಟರು. ವಾಡೆಯ ಮುಂದೆ ಜೀಪು. ಗೇಣು ನೆಲಕ್ಕೂ ಬಂಗಾರದ ಬೆಲೆ. ಆ ಮುಂಗಾರಿಗೆ, ನೀರು ಬಿಡುವ ಮೊದಲು, ಗೌಡರ ಟ್ರ್ಯಾಕ್ಟರು ಬಳಸು ದಾರಿಯನ್ನು ಉತ್ತು ಹೊಲಕ್ಕೆ ಸೇರಿಸಿತು. ನೀರು ಬಂದಾಗ ದಾರಿ ಇದ್ದಲ್ಲಿ ಮೊಣಕಾಲುದ್ದ ಕೆಸರು. ಕೇರಿಯ ಹುಡುಗರು ಚಡ್ಡಿ ಬಿಚ್ಚಿ ತಲೆಗೆ ಸುತ್ತಿಕೊಂಡು ಶಾಲೆಗೆ ಹೋದರು. ತುಂಬಿದ ಬಸುರಿಯೊಬ್ಬಳು ಕೆಸರಲ್ಲಿ ಬಿದ್ದಳು.

ಸೂಲಗಿತ್ತಿ ವಾಡೆಯ ಹಿತ್ತಲಿಗೆ ಹೋಗಿ ಗೌಡರನ್ನು ಕರೆಸಿದಳು. ನಾನು ಆಗ ಒಳಗೆ ಸೊಸೆಯೊಬ್ಬಳಿಗೆ ಸೂಜಿ ಹಾಕುತ್ತಿದ್ದೆ. ಎಲ್ಲ ಕೇಳಿಸಿತು.

“ಗೌಡ್ರ, ಮುಂದ ಬ್ಯಾಡ ಅಂದ್ರಿ, ಸುತ್ತ ಹೋದ್ವಿ. ಈಗ ಸುತ್ತನೂ ಬ್ಯಾಡ ಅಂದ್ರ ಹಾರಿ ಹೋಗಬೇಕೇನ್ರಿ?”

“ದೊಡ್ಡ ಕಾಲುವಿ ದಂಡಿ ಐತೆಲ್ಲಬೇ, ಅದರ ಮ್ಯಾಗ ಹೋಗ್ರಿ.”

“ಅದು ಮೂರು ಮೈಲಿ ಆಗತೈತ್ರಿ.”

“ಹೋಗ್ರಿ. ಯಾರೇನ್ ನಿಮಗ ಜಲ್ದಿ ಬರ್ರಿ ಅಂತ ಕರದಾರ?”

ಅದೇ ಸಂಜೆ ಆಕೆ ನನ್ನ ಕೋಣೆಯ ಹಿತ್ತಲ ಕಡೆಯ ಕಿಟಕಿಗೆ ಬಂದಳು. “ನರ್ಸಮ್ಮಾರ, ನಾಳಿ ಮುಂಜಾನಿ ನಾ ಓಣ್ಯಾಗ ಹಾಯತೀನಿ. ಚಪ್ಪಲಿ ಮೆಟ್ಟಿಕೊಂಡು. ನೀವು ನನ್ನ ಜೋಡಿ ಬರ್ರಿ. ನೀವು ಗೌರ್ಮೆಂಟು. ಏನೂ ಮಾತಾಡಬ್ಯಾಡ್ರಿ, ಬರೇ ಮಗ್ಗಲಾಗ ನಡೀರಿ ಸಾಕು.”

ಹನ್ನೆರಡು ವರ್ಷಗಳಲ್ಲಿ ಆಕೆ ನನ್ನನ್ನು ಕೇಳಿದ್ದು ಅದೊಂದೇ.

ನಾನು ಒಂದು ಗಳಿಗೆಯಲ್ಲಿ ಎಷ್ಟು ಯೋಚಿಸಿದೆ! ಕೋಣೆ ಬಿಡಿಸಿದರೆ ಎಲ್ಲಿಗೆ ಹೋಗಲಿ, ಹಾಲು ಯಾರು ಕೊಡುತ್ತಾರೆ, ವರ್ಗ ಮಾಡಿಸಿದರೆ, ಕಲ್ಲು ಬಿದ್ದರೆ, ಪೊಲೀಸು ಬಂದರೆ. “ಅಯ್ಯೋ, ನಾಳೆ ಕಂಪ್ಲಿಯಲ್ಲಿ ಮೀಟಿಂಗ್ ಐತವ್ವ” ಅಂದೆ. ಮೀಟಿಂಗ್ ಇದ್ದದ್ದು ನಿಜ. ಅದು ನಾಡಿದ್ದು ಇತ್ತು.

“ಆತ್ ಬಿಡ್ರಿ” ಅಂದಳು. ಹೋದಳು.

ಸುಳ್ಳು ಹೇಳಿದವಳಿಗೆ ಸುಳ್ಳನ್ನು ಸಾಕುವ ಕಷ್ಟವೂ ಇರುತ್ತದೆ. ಬೆಳಿಗ್ಗೆ ಬಸ್ಸು ಹತ್ತಿ ಕಂಪ್ಲಿಗೆ ಹೋಗಿ ಸುಮ್ಮನೆ ತಿರುಗಿ ಬರಬಹುದಿತ್ತು. ಹುಣಸೆಮರದ ಹತ್ತಿರ ಆಕೆ ಎದುರಾದರೆ ಎಂಬ ಭಯಕ್ಕೆ ಅದೂ ಆಗಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡು ಕೂತೆ. ನಾನು ಕಂಪ್ಲಿಯಲ್ಲಿದ್ದೆನಲ್ಲ, ಆದ್ದರಿಂದ ಸ್ಟೋವ್ ಹಚ್ಚುವಂತಿರಲಿಲ್ಲ. ಕೆಮ್ಮು ಬಂದರೆ ಬಾಯಿಗೆ ಸೆರಗು. ಓಣಿಯ ಕಡೆಯ ಕಿಟಕಿಯ ಸಂದಿಗೆ ಕಣ್ಣಿಟ್ಟು ಎಲ್ಲ ನೋಡಿದೆ.

ಹತ್ತು ಗಂಟೆ. ವಾಡೆಯ ಕಟ್ಟೆಯ ಮೇಲೆ ಗೌಡರು, ಅವರ ತಮ್ಮ, ಇನ್ನಿಬ್ಬರು ಚಹಾ ಕುಡಿಯುತ್ತ ಕೂತಿದ್ದರು. ಹಂಪಿಯ ಕಡೆಯಿಂದ ಎಂದೋ ತಂದ ಕೆತ್ತನೆಯ ಕಲ್ಲುಗಳನ್ನೇ ತಲೆಕೆಳಗಾಗಿ ಹಾಸಿದ ಕಟ್ಟೆ ಅದು. ಅಗಸಿಯ ಕಡೆಯಿಂದ ಟೈರಿನ ಚಪ್ಪಲಿಯ ಸದ್ದು ಕೇಳಿತು. ಆ ಓಣಿ ಅಂಥ ಸದ್ದನ್ನು ಕೇಳಿರಲಿಲ್ಲ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಓಣಿಯ ನಟ್ಟನಡುವೆ, ನಡೆಯುತ್ತ ಬಂದಳು. ಓಡಲಿಲ್ಲ.

“ಏ ಸೂಲಗಿತ್ತಿ, ದಾರಿ ತಪ್ಪಿದೇನಬೇ?” ಗೌಡರ ತಮ್ಮ ನಕ್ಕ.

“ಇಲ್ರಿ ಸಣ್ಣ ಗೌಡ್ರ. ನನ್ನ ದಾರಿನ ನಿಮ್ಮಣ್ಣಾರು ಬಿತ್ಯಾರ. ಅದು ಮೊಳತು ಬೆಳಿಯೂತನ ಹಿಂಗ ಹೋಗ್ತೀನಿ.”

“ಚಪ್ಪಲಿ ಕೈಯಾಗ ಹಿಡಿ.”

ಆಕೆ ನಿಂತಳು. “ನೀವು ಈ ಭೂಮಿಗೆ ಬಂದಾಗ ನಿಮ್ಮ ಮೈಮ್ಯಾಗ ಎಳಿ ಅರಿವಿ ಇದ್ದಿಲ್ಲ. ನಾ ನಾಚಿಕಿ ಪಟಗೊಂಡೆನೇನ್ರಿ? ಈಗ ನನ್ನ ಕಾಲಾಗ ಎರಡು ಚಪ್ಪಲಿ ಅದಾವ. ನೀವ್ಯಾಕ ನಾಚಿಕಿ ಪಡ್ತೀರಿ?”

ಕಟ್ಟೆಯ ಮೇಲೆ ಒಬ್ಬ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಗೌಡರು ಲೋಟ ಕೆಳಗಿಟ್ಟರು. ಆಕೆ ಹುಣಸೆಮರದವರೆಗೆ ಹೋಗಿ, ಅಂಗಡಿಯಲ್ಲಿ ಎಲೆ ಅಡಿಕೆ ಕೊಂಡು, ಅದೇ ಓಣಿಯಲ್ಲಿ ಹಿಂದಿರುಗಿದಳು. ಬರುವಾಗ ನನ್ನ ಕಿಟಕಿಯ ಕಡೆ ನೋಡಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಮಧ್ಯಾಹ್ನ ಡಂಗುರ ಹೊಡೆಸಿದರು: ಕೇರಿಯವರಿಗೆ ಊರಲ್ಲಿ ಯಾರೂ ಕೂಲಿ ಕೊಡಬಾರದು, ಅಂಗಡಿಯವರು ಸಾಮಾನು ಕೊಡಬಾರದು. ಇಲ್ಲಿ ಗೌಡರು ಒಂದು ತಪ್ಪು ಮಾಡಿದರು. ಅವರ ಅಪ್ಪನ ಕಾಲದಲ್ಲಿ, ಜೋಳದ ಕಾಲದಲ್ಲಿ, ಈ ಡಂಗುರಕ್ಕೆ ಕೇರಿ ಮೂರು ದಿನಕ್ಕೆ ಕಾಲಿಗೆ ಬೀಳುತ್ತಿತ್ತು. ಆದರೆ ಈಗ ನಾಟಿಯ ಹೊತ್ತು. ಸಸಿ ಮಡಿಯಲ್ಲಿ ಭತ್ತ ಇಪ್ಪತ್ತು ದಿನ ದಾಟಿ ನಿಂತಿತ್ತು. ಕಾಲುವೆ ನೀರು ಒಂದೇ ಸಲಕ್ಕೆ ಎಲ್ಲ ಊರಿಗೂ ಬಂದಿತ್ತು; ಮೆಟ್ರಿ, ಬುಕ್ಕಸಾಗರ, ಎಲ್ಲಿ ನೋಡಿದರೂ ಬಗ್ಗಿ ನಾಟಿ ಹಚ್ಚುವ ಕೈಗಳಿಗೆ ಹುಡುಕಾಟ. ಕೇರಿಯ ಹೆಂಗಸರು ಮರುದಿನ ನಸುಕಿಗೇ ಬುತ್ತಿ ಕಟ್ಟಿಕೊಂಡು ಆ ಊರುಗಳಿಗೆ ಹೋದರು. ಗಂಡಸರು ಸಂಡೂರಿಗೆ ಅದಿರು ತುಂಬಲು ಹೋದರು. ಗೌಡರ ಜೀಪು ಕೂಲಿಯವರನ್ನು ಹುಡುಕುತ್ತ ದರೋಜಿಯ ತನಕ ತಿರುಗಿ ಖಾಲಿ ಬಂತು. ಮಡಿಯಲ್ಲಿ ಸಸಿ ಹಳದಿಗಟ್ಟಿತು, ಗೆಣ್ಣು ಬಿಟ್ಟಿತು. ಸೂಲಗಿತ್ತಿ ದಿನಾ ಹತ್ತಕ್ಕೆ ಓಣಿಯಲ್ಲಿ ಹಾಯ್ದಳು. ಒಬ್ಬಳೇ. ಕಟ್ಟೆಯ ಮೇಲೆ ಈಗ ಯಾರೂ ಕೂರುತ್ತಿರಲಿಲ್ಲ.

ಹದಿನಾರನೆಯ ದಿನ ಗೌಡರು ಪಂಚಾಯ್ತಿ ಕೂಡಿಸಿದರು. ಕೇರಿಯ ಹಿರಿಯರು ನಾಲ್ವರು ಹೋದರು. ಹಠ ಹೂಡಿದವಳನ್ನು ಯಾರೂ ಕರೆಯಲಿಲ್ಲ. ಹೆಣ್ಣುಮಗಳು, ಆಕೆಗೇನು ಪಂಚಾಯ್ತಿ. ಒಪ್ಪಂದವಾಯಿತು. ಬಳಸು ದಾರಿಯನ್ನು ಗೌಡರು ಬಿಟ್ಟುಕೊಡುವುದು. ಬರೀ ಬಿಡುವುದಲ್ಲ, ಎರಡು ಬಂಡಿ ಸರಿಯುವಷ್ಟು ಅಗಲ ಮಾಡಿ, ಏರಿಸಿ, ಗರಸು, ಅಂದರೆ ಜಲ್ಲಿಮಣ್ಣು, ಹಾಕಿಸುವುದು. ಅದರ ಮೇಲೆ ಚಪ್ಪಲಿ ಮೆಟ್ಟಿದರೆ ವಾಡೆಯ ತಕರಾರಿಲ್ಲ. ಅದಕ್ಕೆ ಪ್ರತಿಯಾಗಿ ಕೇರಿಯವರು ಯಾರೂ ಯಾವತ್ತೂ ಓಣಿಯಲ್ಲಿ ಹಾಯುವುದಿಲ್ಲ. ಹೆಬ್ಬೆಟ್ಟು ಒತ್ತಿದರು. ಗೌಡರು ಹಿರಿಯರಿಗೆ ಚಹಾ ಕುಡಿಸಿದರು, ಬೇರೆ ಲೋಟದಲ್ಲಿ. ಮರುದಿನವೇ ಹೆಂಗಸರು ಗೌಡರ ಗದ್ದೆಗೆ ಇಳಿದರು.

ಊರೆಲ್ಲ ಹಬ್ಬದಂತಿತ್ತು. ಶಾಲೆಯ ಮೇಷ್ಟ್ರು ಇದು ಗೆಲುವು ಅಂದರು. ನಾನೂ ಗೆಲುವು ಎಂದುಕೊಂಡೆ. ಗದ್ದಲವಿಲ್ಲದೆ ಮುಗಿದದ್ದೆಲ್ಲ ನನಗೆ ಗೆಲುವೇ. ಆಕೆಗೆ ಹೇಳಲು ಕೇರಿಗೆ ಓಡಿದೆ. ಅಲ್ಲಿ ಆಕೆ ಅಂಗಳದಲ್ಲಿ ನಿಂತು ಆ ನಾಲ್ವರು ಹಿರಿಯರ ಜನ್ಮ ಜಾಲಾಡುತ್ತಿದ್ದಳು. ಆಕೆ ಅವರ ಜನ್ಮವನ್ನೂ ಕಣ್ಣಾರೆ ಕಂಡವಳು, ಜಾಲಾಡಲು ಬೇಕಾದಷ್ಟಿತ್ತು.

“ನಾ ಕೇಳಿದ್ದು ವಾಡೇದ ಮುಂದಿನ ಐವತ್ತು ಹೆಜ್ಜಿ. ನೀವು ಇಸಗೊಂಡು ಬಂದದ್ದು ಒಂದೂವರೆ ಮೈಲಿ! ಭಾರಿ ಶಾಣ್ಯಾರು ನೋಡ್ರಪ. ಮೊದಲ ಮುಂದ ಬರಬ್ಯಾಡ ಅಂದಾಂವ ಅವನೊಬ್ಬ ಇದ್ದ. ಈಗ ನೀವೂ ಹೆಬ್ಬಟ್ ಒತ್ತಿ ಕೊಟ್ಟು ಬಂದೀರಿ!”

“ಹೋಗ್ಲಿ ಬಿಡಬೇ, ಮಕ್ಕಳಿಗೆ ದಾರಿ ಆತಲ್ಲ” ಎಂದರು ಒಬ್ಬರು.

“ದಾರಿ ಅಲ್ಲೋ ಅದು, ಬೇಲಿ. ನಡದಾಡಾಕ ಬರೋ ಬೇಲಿ.”

ಮರುದಿನ ಹತ್ತಕ್ಕೆ ಆಕೆ ಚಪ್ಪಲಿ ಮೆಟ್ಟಿ ಹೊರಟಾಗ ಅಗಸಿಯಲ್ಲಿ ಅಡ್ಡ ನಿಂತದ್ದು ಗೌಡರ ಆಳಲ್ಲ; ಆಕೆಯ ಸ್ವಂತ ಮಗ. ಕೇರಿಯ ಮಾತು ಕೇರಿ ಉಳಿಸಿಕೊಳ್ಳಬೇಕು ಎಂದ. ಆಕೆ ಅವನ ಮುಖ ನೋಡಿ ಮನೆಗೆ ತಿರುಗಿದಳಂತೆ. ಆ ದಿನದಿಂದ ಆಕೆ ಗರಸು ಹಾಕಿದ ಆ ಅಗಲದ ದಾರಿಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. “ನಾ ಬೇಕಾದವರು ಓಣ್ಯಾಗ ಕರಕೊಂಡು ಹೋಗ್ರಿ. ಇಲ್ಲಾಂದ್ರ ನಾ ಇಲ್ಲೇ ಅದೀನಿ.” ಯಾರೂ ಕರೆದುಕೊಂಡು ಹೋಗಲಿಲ್ಲ. ಆಗಲೇ ಆಚೆಯ ಮನೆಗಳಲ್ಲಿ ಹೆರಿಗೆಗೆ ಹೊಸಪೇಟೆಯ ಆಸ್ಪತ್ರೆ ರೂಢಿಯಾಗಿತ್ತು, ವಾಡೆಗೆ ಜೀಪಿತ್ತು. ಆಕೆಗೆ ಸಂತೆ ಹೋಯಿತು, ಬಸ್ಸು ಹೋಯಿತು, ಅರ್ಧ ಊರಿನ ಕೂಸುಗಳು ಹೋದವು. ಕೇರಿಯ ಹೆರಿಗೆಗಳಷ್ಟೇ ಉಳಿದವು. ಊರೆಲ್ಲ ಆಕೆಯನ್ನು ಹಟಮಾರಿ ಅಂದಿತು. ನಾನು ಆಕೆಗೆ ಕಿರಾಣಿ ಸಾಮಾನು ತಂದು ಕೊಡುತ್ತಿದ್ದೆ, ಓಣಿಯಲ್ಲೇ ನಡೆದು. ಆ ಕಂಪ್ಲಿ ಮೀಟಿಂಗಿನ ಮಾತನ್ನು ಆಕೆ ಎಂದೂ ಎತ್ತಲಿಲ್ಲ. ಎತ್ತಿದ್ದರೆ ಅತ್ತು ಹಗುರವಾಗುತ್ತಿದ್ದೆ. ಅದನ್ನೂ ಆಕೆ ನನಗೆ ಕೊಡಲಿಲ್ಲ, ಸರಿಯಾಗಿಯೇ ಮಾಡಿದಳು.

ಐದು ವರ್ಷದ ಮೇಲೆ ನನಗೆ ಹೊಸಪೇಟೆಗೆ ವರ್ಗವಾಯಿತು. ಅದಾಗಿ ಮೂರು ವರ್ಷಕ್ಕೆ, ಒಂದು ಮಾಘದ ಬೆಳಿಗ್ಗೆ, ಆಕೆ ತೀರಿಕೊಂಡ ಸುದ್ದಿ ಬಂತು. ಮೊದಲ ಬಸ್ಸಿಗೆ ಹೋದೆ.

ಕೇರಿಯವರು ಮಣ್ಣು ಮಾಡುವ ಜಾಗ ಹುಣಸೆಮರದ ಆಚೆ, ಹಳ್ಳದ ದಂಡೆಗೆ. ಹೆಣ ಅಗಸಿಯ ತನಕ ಬಂದು ನಿಂತಿತು. ಮುಂದಿನ ಹೆಗಲು ಕೊಟ್ಟವನು ಆಕೆಯ ಮೊಮ್ಮಗ, ಸಂಡೂರಿನ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಇಪ್ಪತ್ತರ ಹುಡುಗ. “ನಮ್ಮಜ್ಜೀನ ಓಣ್ಯಾಗ ಒಯ್ಯೋದು” ಅಂದ. ಅವನ ಗೆಳೆಯರು ಐದಾರು ಜನ ಹೌದೆಂದರು. ಹಿರಿಯರು ಒಪ್ಪಂದದ ಮಾತು ತೆಗೆದರು. ಓಣಿಯ ನಡುವೆ ವಾಡೆಯ ಕಟ್ಟೆಯ ಮೇಲೆ ಗೌಡರ ಕಡೆಯ ಹತ್ತೆಂಟು ಜನ ಎದ್ದು ನಿಂತದ್ದು ಕಾಣಿಸಿತು. ಹಲಗೆಯವರು ಬಾರಿಸುವುದು ನಿಲ್ಲಿಸಿದರು. ದನಿಗಳು ಏರಿದವು. ಹೆಣ ಹೆಗಲ ಮೇಲೆಯೇ ಇತ್ತು.

ಆಗ ಒಬ್ಬ ಹಿರಿಯ ನನ್ನ ಕಡೆ ತಿರುಗಿದ. “ನರ್ಸಮ್ಮಾರ, ನೀವು ಓದಿದಾಕಿ, ಆಕೀ ಜೋಡಿ ಹನ್ನೆರಡು ವರ್ಷ ತಿರುಗ್ಯಾಡಿದಾಕಿ. ನೀವ ಹೇಳ್ರಿ. ನೀವ್ ಹೇಳಿದಂಗ ಕೇಳ್ತೀವಿ.”

ಮೊಮ್ಮಗನೂ ತಿರುಗಿ ನೋಡಿದ. ನಾನು ಹೌದೆನ್ನುತ್ತೇನೆ ಎಂದು ಅವನಿಗೆ ಪೂರ್ತಿ ನಂಬಿಕೆಯಿತ್ತು. ಅದು ಅವನ ಮುಖದಲ್ಲಿ ಕಾಣುತ್ತಿತ್ತು.

ನನ್ನ ಕಣ್ಣ ಮುಂದೆ ಒಡೆದ ತಲೆಗಳು ಬಂದವು. ಹೊಲಿಗೆ, ರಕ್ತ, ಕೋರ್ಟು, ಸಾಕ್ಷಿಯ ಕಟಕಟೆಯಲ್ಲಿ ನಾನು. “ಸತ್ತವರಿಗೆ ಯಾವ ದಾರಿ ಆದ್ರೇನಪಾ?” ಅಂದೆ. “ಸುತ್ತ ಹೋಗ್ರಿ.”

ಮೊಮ್ಮಗ ಹೆಗಲು ಸರಿಮಾಡಿಕೊಂಡು ಎಡಕ್ಕೆ ತಿರುಗಿದ. ಎಂಟು ವರ್ಷ ಆಕೆ ಒಂದು ಹೆಜ್ಜೆಯೂ ಇಡದ ಗರಸಿನ ಮೇಲೆ ಆಕೆಯನ್ನು ಹೊತ್ತುಕೊಂಡು ಹೋದರು.

ಕಬ್ಬಿಣದ ಗುಳಿಗೆ ನುಂಗಿರಿ ಎಂದರೆ ತಿಪ್ಪೆಗೆ ಚೆಲ್ಲಿದ ಊರು ಅದು. ನೀರು ಕಾಯಿಸಿ ಕುಡಿಯಿರಿ ಎಂದರೆ ನಕ್ಕ ಊರು. ಹನ್ನೆರಡು ವರ್ಷ ಗಂಟಲು ಹರಿದುಕೊಂಡರೂ ನನ್ನದೊಂದು ಮಾತನ್ನೂ ಕೇಳದಿದ್ದ ಜನ, ಅವತ್ತು ಒಂದೇ ಸಲಕ್ಕೆ ಕೇಳಿದರು.